ಖಂಡೇನವಮಿಯಂದು ನಿಂತ ಎಂಟು ಡಿಸ್ಕುಗಳು

2018ರಲ್ಲಿ ನಾನು ವಿಜಯಪುರದ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ಸಿಸ್ಟಮ್ ಮ್ಯಾನೇಜರ್ ಆಗಿದ್ದೆ. ಸೇವೆಗೆ ಸೇರಿ ಇಪ್ಪತ್ತೆರಡು ವರ್ಷಗಳಾಗಿದ್ದವು. ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿದ್ದವು. ಆಸ್ಪತ್ರೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿದ್ದ ಒಳ್ಳೆಯ ವೈದ್ಯರಿಗೂ ದಾದಿಯರಿಗೂ ಈ ಬರಹದಿಂದ ಕಳಂಕ ತಗುಲಬಾರದು. ವ್ಯಕ್ತಿಗಳ ಹೆಸರುಗಳನ್ನು ಬದಲಿಸಿದ್ದೇನೆ. ಅವರಾಡಿದ ಮಾತುಗಳನ್ನು ಮಾತ್ರ ಬದಲಿಸಿಲ್ಲ. ಅವು ನನಗೆ ಅಕ್ಷರಶಃ ನೆನಪಿವೆ.

ಆಸ್ಪತ್ರೆಯ ಹೊರರೋಗಿಗಳ ನೋಂದಣಿ, ಪ್ರಯೋಗಾಲಯದ ವರದಿಗಳು ಮತ್ತು ರಕ್ತನಿಧಿಯ ದಾಖಲೆಗಳು ಒಂದೇ ಡೇಟಾಬೇಸಿನಲ್ಲಿದ್ದವು. ಮೊದಲಿನ ಎರಡು ಕೆಲವು ತಾಸು ಇಲ್ಲದಿದ್ದರೆ ಜನ ಬೈಯುತ್ತಾರೆ, ಅಷ್ಟೆ. ಮೂರನೆಯದು ಹಾಗಲ್ಲ. ಒಮ್ಮೆ ಬೇರೆಯವರ ರಕ್ತ ಪಡೆದ ಕೆಲವರ ದೇಹದಲ್ಲಿ, ಆ ರಕ್ತದ ಯಾವುದೋ ಒಂದು ಅಂಶದ ವಿರುದ್ಧ ಪ್ರತಿಕಾಯ ಹುಟ್ಟುತ್ತದೆ. ಮುಂದಿನ ಸಲ ಅದೇ ಅಂಶವುಳ್ಳ ರಕ್ತ ಏರಿಸಿದರೆ ದೇಹ ಅದನ್ನು ಒಡೆದು ಹಾಕುತ್ತದೆ. ಮೂತ್ರಪಿಂಡ ಕೆಡಬಹುದು, ಪ್ರಾಣವೂ ಹೋಗಬಹುದು. ಇವುಗಳಲ್ಲಿ ಕೆಲವು ಪ್ರತಿಕಾಯಗಳು ತಿಂಗಳುಗಳು ಕಳೆದಂತೆ ಕ್ಷೀಣಿಸಿ ಪರೀಕ್ಷೆಗೆ ಕಾಣಿಸುವುದನ್ನೇ ಬಿಡುತ್ತವೆ. ರಕ್ತ ಹೊಂದುತ್ತದೆ ಎಂದೇ ಪರೀಕ್ಷೆ ಹೇಳುತ್ತದೆ. ಹೊಂದುವುದಿಲ್ಲ ಎಂದು ಬಲ್ಲದ್ದು ಹಳೆಯ ದಾಖಲೆಯೊಂದೇ. ನಮ್ಮ ಡೇಟಾಬೇಸಿನಲ್ಲಿ ಅದಕ್ಕಾಗಿ ‘ವಿಶೇಷ ಸೂಚನೆ’ ಎಂಬ ಅಂಕಣವಿತ್ತು. ಸಾವಿರಾರು ರೋಗಿಗಳ ಸಾಲಿನಲ್ಲಿ ಅದು ಬಹುತೇಕ ಖಾಲಿಯೇ ಇರುತ್ತಿತ್ತು.

ಆ ವರ್ಷ ಸಂಕ್ರಾಂತಿಯ ಹೊತ್ತಿಗೆ ಹೊಸ ಸರ್ವರ್ ಬಂದಿತು. ಅದರಲ್ಲಿ ಎಂಟು ಡಿಸ್ಕುಗಳು, ಒಂದೊಂದೂ ಆರುನೂರು ಗಿಗಾಬೈಟಿನದು. ಅವುಗಳನ್ನು ಹೇಗೆ ಜೋಡಿಸಬೇಕೆಂದು ನಾನು ಮೂರು ಪುಟಗಳ ಟಿಪ್ಪಣಿ ಬರೆದು ಆಡಳಿತಾಧಿಕಾರಿ ಗುರುಪಾದಪ್ಪನವರಿಗೆ ಕೊಟ್ಟೆ. ಅದರ ಸಾರ ಇಷ್ಟು. ಡೇಟಾಬೇಸ್ ಎರಡು ಬಗೆಯಲ್ಲಿ ಬರೆಯುತ್ತದೆ. ಪ್ರತಿಯೊಂದು ಬದಲಾವಣೆಯನ್ನೂ ಮೊದಲು ಲಾಗ್ ಎಂಬ ಕಡತದಲ್ಲಿ ಒಂದರ ಹಿಂದೆ ಒಂದರಂತೆ ಬರೆಯುತ್ತದೆ. ಇದು ದಿನಚರಿ ಇದ್ದಂತೆ. ಅನಂತರ ಬಿಡುವಾದಾಗ ಮುಖ್ಯ ಕಡತಗಳ ಆಯಾ ಪುಟಗಳಿಗೆ ಹೋಗಿ ತಿದ್ದುತ್ತದೆ. ಲಾಗ್ ಬರೆದು ಮುಗಿಯುವ ತನಕ ‘ಉಳಿಸಿದೆ’ ಎಂಬ ಉತ್ತರ ಪರದೆಯ ಮೇಲೆ ಬರುವುದಿಲ್ಲ. ಆದುದರಿಂದ ಲಾಗಿಗೆ ಪ್ರತ್ಯೇಕ ಡಿಸ್ಕುಗಳಿರಬೇಕು. ಅವುಗಳ ಮೇಲೆ ಬೇರೆ ಯಾವ ಕೆಲಸವನ್ನೂ ಹೇರಬಾರದು. ಮುಖ್ಯ ಕಡತ ಹಾಳಾದರೆ ಬ್ಯಾಕಪ್ ಮತ್ತು ಲಾಗ್ ಸೇರಿಸಿ ಅದನ್ನು ಮತ್ತೆ ಕಟ್ಟಬಹುದು. ಮೂರೂ ಒಂದೇ ಕಡೆ ಇದ್ದರೆ ಮೂರೂ ಒಟ್ಟಿಗೆ ಹೋಗುತ್ತವೆ.

ನನ್ನ ಯೋಜನೆಯಲ್ಲಿ ಡಿಸ್ಕುಗಳೆಲ್ಲ ಜೋಡಿಯಾಗಿದ್ದವು. ಒಂದರಲ್ಲಿ ಬರೆದದ್ದು ಅದರ ಜೋಡಿಯಲ್ಲಿಯೂ ಇರುತ್ತದೆ. ಕಾರ್ಯವ್ಯವಸ್ಥೆಗೆ ಒಂದು ಜೋಡಿ, ಲಾಗಿಗೆ ಒಂದು ಜೋಡಿ, ಮುಖ್ಯ ಕಡತಗಳಿಗೆ ಎರಡು ಜೋಡಿ. ಇಂಥ ಎರಡು ಜೋಡಿಗಳ ಮೇಲೆ ಹಂಚಿ ಬರೆಯುವುದಕ್ಕೆ ರೇಡ್ ಹತ್ತು ಎನ್ನುತ್ತಾರೆ. ಎಂಟು ಡಿಸ್ಕುಗಳಿಂದ ನಾಲ್ಕರಷ್ಟು ಜಾಗ ಸಿಗುತ್ತಿತ್ತು. ಮಾರಾಟಗಾರರ ಯೋಜನೆ ರೇಡ್ ಐದು. ಎಂಟನ್ನೂ ಒಂದೇ ಗುಂಪಾಗಿ ಮಾಡಿ, ಯಾವುದಾದರೂ ಡಿಸ್ಕು ಕೆಟ್ಟರೆ ಅದರಲ್ಲಿದ್ದುದನ್ನು ಮರಳಿ ಕಟ್ಟುವ ತಾಳೆ ಲೆಕ್ಕಕ್ಕೆ ಒಂದು ಡಿಸ್ಕಿನಷ್ಟು ಜಾಗ ಬಿಟ್ಟು, ಏಳರಷ್ಟು ಜಾಗ ಕೊಡುವ ವಿಧಾನ ಅದು. ಓದುವುದಕ್ಕೆ ಅದು ಕೆಟ್ಟದ್ದಲ್ಲ. ಆದರೆ ಪ್ರತಿಯೊಂದು ಸಣ್ಣ ಬರಹಕ್ಕೂ ಹಳೆಯ ಮಾಹಿತಿ ಓದಬೇಕು, ಹಳೆಯ ತಾಳೆ ಓದಬೇಕು, ಆಮೇಲೆ ಎರಡನ್ನೂ ಹೊಸದಾಗಿ ಬರೆಯಬೇಕು. ಒಂದು ಬರಹಕ್ಕೆ ನಾಲ್ಕು ಕೆಲಸ. ಜೋಡಿ ಡಿಸ್ಕುಗಳಲ್ಲಿ ಎರಡೇ.

ಖರೀದಿ ಸಮಿತಿಯ ಸಭೆಯಲ್ಲಿ ಒಂಬತ್ತು ಜನ ಇದ್ದೆವು. ಎಂಟು ಕಪ್ ಚಹಾ ಬಂದವು. ಗುರುಪಾದಪ್ಪನವರು ನನ್ನ ಟಿಪ್ಪಣಿಯ ಮೊದಲನೆಯ ಪುಟವನ್ನಷ್ಟೇ ತಿರುವಿ ನಕ್ಕರು.

“ಮೇಡಂ, ಎಂಟ ಖೋಲಿ ಮನಿ ಕಟ್ಟಿಸಿ ನಾಕಕ್ಕ ಕೀಲಿ ಹಾಕ್ರಿ ಅಂತೀರಲ್ಲ, ಇದ್ಯಾವ ಊರ ಶಾಣ್ಯಾತನರಿ?”

ಎಲ್ಲರೂ ನಕ್ಕರು. “ಕೀಲಿ ಹಾಕೂದಲ್ರಿ. ಒಂದ ಖೋಲಿ ಮಾಳಿಗಿ ಬಿದ್ದರ ಒಳಗಿನ ಮಂದಿ ಬಾಜೂ ಖೋಲ್ಯಾಗ ಉಳೀತಾರ” ಎಂದೆ.

“ನಿಮಗ ಬೀಳೂದ ಕಾಣತೈತಿ ನೋಡ್ರಿ ಯಾವಾಗಲೂ” ಎಂದು ಅವರು ಸಹಿ ಹಾಕಿದರು. ರೇಡ್ ಐದು ಮಂಜೂರಾಯಿತು. ಲಾಗ್, ಮುಖ್ಯ ಕಡತಗಳು, ಪ್ರತಿ ರಾತ್ರಿಯ ಬ್ಯಾಕಪ್ ಮೂರೂ ಅದೇ ಎಂಟು ಡಿಸ್ಕುಗಳ ಮೇಲೆ ಕುಳಿತವು. ಜಾಗ ಇನ್ನೂ ಉಳಿದಿದೆಯೆಂದು ಯುಗಾದಿಯ ಹೊತ್ತಿಗೆ ಆಸ್ಪತ್ರೆಯ ಎಲ್ಲ ಸಿಸಿಟಿವಿ ಕ್ಯಾಮೆರಾಗಳ ದೃಶ್ಯಗಳನ್ನೂ ಅಲ್ಲಿಗೇ ತಿರುಗಿಸಿದರು. ಕ್ಯಾಮೆರಾಗಳು ಹಗಲಿರುಳೂ ಬರೆಯುತ್ತವೆ, ಉಸಿರು ತೆಗೆದುಕೊಳ್ಳುವುದಿಲ್ಲ.

ನಾನು ದಿನಾಲು ಮುಂಜಾನೆ ಒಂದು ಅಂಕಿಯನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಡೇಟಾಬೇಸ್ ಒಂದು ಬರಹವನ್ನು ಡಿಸ್ಕಿಗೆ ಕೊಟ್ಟು ‘ಆಯಿತು’ ಎಂಬ ಉತ್ತರಕ್ಕಾಗಿ ಕಾಯುವ ಸರಾಸರಿ ಸಮಯ ಅದು. ಮೊದಲ ತಿಂಗಳು ಎಂಟು ಮಿಲಿಸೆಕೆಂಡ್ ಇತ್ತು. ಕ್ಯಾಮೆರಾಗಳು ಬಂದ ಮೇಲೆ ನಲವತ್ತಾಯಿತು. ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ದಿನ ಏಕಾಏಕಿ ನೂರಾ ಇಪ್ಪತ್ತಕ್ಕೆ ಹಾರಿ ಅಲ್ಲಿಯೇ ನಿಂತಿತು. ಹಾಗೆ ನಿಂತದ್ದು ನನಗೆ ಸರಿಬರಲಿಲ್ಲ. ದಟ್ಟಣೆಯಿಂದಾದ ವಿಳಂಬ ಏರುತ್ತದೆ, ಇಳಿಯುತ್ತದೆ. ಇದು ಇಳಿಯುತ್ತಿರಲಿಲ್ಲ. ಏನೋ ಒಂದು ಸತ್ತಿತ್ತು. ಆದರೆ ಡಿಸ್ಕುಗಳ ಮೇಲ್ವಿಚಾರಣೆಯ ಪಾಸ್‌ವರ್ಡ್ ಆಗ ಇನ್ನೂ ಮಾರಾಟಗಾರರ ಬಳಿಯೇ ಇತ್ತು. ಕೊಡಿರೆಂದು ಎರಡು ಪತ್ರ ಬರೆದಿದ್ದೆ.

ಆ ವಾರ ಬಬಲೇಶ್ವರದಲ್ಲಿ ಸಂತೆಯ ದಿನ ರಕ್ತದಾನ ಶಿಬಿರವಿತ್ತು. ದಾನಿಗಳ ವಿವರಗಳನ್ನು ಅಲ್ಲಿಂದಲೇ ಇಂಟರ್‌ನೆಟ್ ಮೂಲಕ ನಮ್ಮ ಸರ್ವರಿಗೆ ಕಳಿಸುತ್ತಿದ್ದೆವು. ಒಂದು ಹೆಸರೆಂದರೆ ಇಂಥ ನೂರಾರು ಬರಹಗಳು, ಎಲ್ಲವೂ ಸರದಿಯಲ್ಲಿ; ಹೀಗಾಗಿ ಒಂದೊಂದು ಹೆಸರು ಉಳಿಯಲು ನಿಮಿಷಗಟ್ಟಲೆ ಹಿಡಿಯಿತು. ಸಾಲು ಬೆಳೆದು ಬಿಸಿಲಿಗೆ ಬಂತು. ತೋಳಿಗೆ ಹತ್ತಿ ಒತ್ತಿಕೊಂಡು ಕುಳಿತಿದ್ದ ಕಾಯಿಪಲ್ಯೆಯ ವ್ಯಾಪಾರಿಯೊಬ್ಬರು ತಾಳ್ಮೆ ಕಳೆದುಕೊಂಡರು.

“ರಕ್ತಾ ಹತ್ತ ನಿಮಿಷದಾಗ ತಗದ್ರಿ, ಹೆಸರ ಬರ್ಯಾಕ ಅರ್ಧಾ ತಾಸ ಬೇಕೇನ್ರಿ ಅಕ್ಕಾರ? ಅಲ್ಲಿ ನನ್ನ ಬದನಿಕಾಯಿ ಬಾಡಾಕತ್ತಾವ.”

ಅವರ ಮಾತಿಗೆ ನಾನು ಸಿಟ್ಟಾಗಲಿಲ್ಲ, ಅದು ನ್ಯಾಯವಾಗಿತ್ತು. ನ್ಯಾಯವಲ್ಲದ್ದು ಅನಂತರ ನಡೆಯಿತು. ಆಷಾಢದಲ್ಲಿ ನಾನು ಟಿಕೋಟಾದ ಶಿಬಿರದಲ್ಲಿದ್ದ ದಿನ, ನನಗೆ ತಿಳಿಸದೆ ಗುರುಪಾದಪ್ಪನವರು ಮಾರಾಟಗಾರರ ಇಂಜಿನಿಯರನ್ನು ಕರೆಸಿದರು. ಮರುದಿನ ಕಾಯುವ ಸಮಯ ಮತ್ತೆ ನಲವತ್ತು ಮಿಲಿಸೆಕೆಂಡಿಗೆ ಇಳಿದಿತ್ತು. ವಿಭಾಗ ಮುಖ್ಯಸ್ಥರೆಲ್ಲರ ಎದುರಿಗೆ ಅವರು ಹೇಳಿದರು: “ಇಪ್ಪತ್ತ ನಿಮಿಷದಾಗ ಮಾಡಿ ಹೋದ್ರು. ನಮ್ಮ ಮೇಡಂ ಆರ ತಿಂಗಳಿಂದ ಬರೇ ಪತ್ರಾನ ಬರಿಯಾಕತ್ತಾರ.”

ಅದೇ ದಿನ ಇಂಜಿನಿಯರ್ ಪಾಸ್‌ವರ್ಡನ್ನು ನನಗೆ ಒಪ್ಪಿಸಿದರು. ಡಿಸ್ಕುಗಳನ್ನು ಆಳುವ ಕಂಟ್ರೋಲರಿನ ಪುಟ ತೆರೆದು ನೋಡಿದೆ. ಅಲ್ಲಿದ್ದ ಎರಡು ಸಾಲುಗಳನ್ನು ಟಿಪ್ಪಣಿ ಪುಸ್ತಕಕ್ಕೆ ಇಳಿಸಿಕೊಂಡೆ.

ಇದನ್ನು ಸ್ವಲ್ಪ ವಿವರಿಸಬೇಕು. ಕಂಟ್ರೋಲರಿಗೆ ತನ್ನದೇ ಆದ ಸಣ್ಣ ಮೆಮೊರಿ ಇರುತ್ತದೆ, ಅದಕ್ಕೆ ಕ್ಯಾಶ್ ಎನ್ನುತ್ತಾರೆ. ಡೇಟಾಬೇಸ್ ಕೊಟ್ಟ ಬರಹವನ್ನು ಕಂಟ್ರೋಲರ್ ಮೊದಲು ಈ ಕ್ಯಾಶಿನಲ್ಲಿ ಇಟ್ಟುಕೊಂಡು, ಡಿಸ್ಕಿಗೆ ಬರೆಯುವ ಮುನ್ನವೇ ‘ಬರೆದೆ’ ಎಂದು ಹೇಳಿಬಿಡುತ್ತದೆ. ನಡುವೆ ವಿದ್ಯುತ್ ಹೋದರೆ ಕ್ಯಾಶಿನಲ್ಲಿ ಇದ್ದದ್ದು ಅಳಿಯದಂತೆ ಕಾಯಲು ಅದರೊಳಗೊಂದು ಬ್ಯಾಟರಿ ಇರುತ್ತದೆ. ಆ ಬ್ಯಾಟರಿ ಬೇಸಿಗೆಯಲ್ಲಿಯೇ ಸತ್ತಿತ್ತು. ಪ್ರಾಮಾಣಿಕ ಯಂತ್ರ ಮಾಡಬೇಕಾದ್ದನ್ನೇ ಕಂಟ್ರೋಲರ್ ಮಾಡಿತ್ತು: ಇನ್ನು ಮುಂದೆ ಡಿಸ್ಕಿಗೆ ಬರೆಯದೆ ‘ಬರೆದೆ’ ಎನ್ನುವುದಿಲ್ಲ ಎಂದು ನಿಧಾನವಾಗಿತ್ತು. ನೂರಾ ಇಪ್ಪತ್ತರ ಅರ್ಥ ಅದು. ಇಂಜಿನಿಯರ್ ಬ್ಯಾಟರಿ ಬದಲಿಸಿರಲಿಲ್ಲ. ಬ್ಯಾಟರಿ ಇರಲಿ ಬಿಡಲಿ, ಯಾವಾಗಲೂ ಕ್ಯಾಶಿನಿಂದಲೇ ಉತ್ತರ ಕೊಡು ಎಂದು ಆದೇಶಿಸಿ ಹೋಗಿದ್ದರು. ಅಂದರೆ, ಸುಳ್ಳು ಹೇಳಲು ಅದಕ್ಕೆ ಅಪ್ಪಣೆ ಕೊಟ್ಟಿದ್ದರು.

ಆ ಸಂಜೆಯೇ ನಾನು ಅದನ್ನು ಮೊದಲಿನಂತೆ ಮಾಡಿದೆ. ಮರುದಿನ ಹೊರರೋಗಿಗಳ ಸಾಲು ಗೇಟಿನ ತನಕ ಬೆಳೆಯಿತು. ಮಧ್ಯಾಹ್ನದೊಳಗೆ ಇಂಜಿನಿಯರ್ ಮತ್ತೆ ಬಂದರು. ಕಂಟ್ರೋಲರಿನ ಪಾಸ್‌ವರ್ಡ್ ಬದಲಾಯಿತು. ಹೊಸ ಪಾಸ್‌ವರ್ಡ್ ಇದ್ದ ಲಕೋಟೆ ಗುರುಪಾದಪ್ಪನವರ ಕಪಾಟಿಗೆ ಹೋಯಿತು. ಇಪ್ಪತ್ತೆರಡು ವರ್ಷ ಸೇವೆ ಮಾಡಿದವಳಿಗೆ ಅದನ್ನು ತಿಳಿಸಿದ್ದು ಜವಾನರ ಮೂಲಕ. ನಾನು ಅಪಾಯವನ್ನು ವಿವರಿಸಿ, ಬ್ಯಾಟರಿ ಬದಲಿಸಬೇಕೆಂದು ಪತ್ರ ಬರೆದೆ. ಆವಕ ಸಂಖ್ಯೆ 412. ಅದರ ಅಂಚಿನಲ್ಲಿ ಕೆಂಪು ಶಾಯಿಯ ಉತ್ತರ ಬಂತು: ‘ಯುಪಿಎಸ್ ಇದೆ. ಹೆದರಿಸಬಾರದು.’

ಶನಿವಾರಕ್ಕೊಮ್ಮೆ ನಾನು ಡೇಟಾಬೇಸಿನ ಒಂದು ಪ್ರತಿಯನ್ನು ಹೊರಗಿನ ಡಿಸ್ಕಿನಲ್ಲಿ ತೆಗೆದು ಜೋರಾಪುರ ಪೇಟೆಯ ನನ್ನ ಮನೆಯ ಕಪಾಟಿನಲ್ಲಿ ಇಡುತ್ತಿದ್ದೆ. ರೋಗಿಗಳ ಮಾಹಿತಿ ಆಸ್ಪತ್ರೆಯಿಂದ ಹೊರಗೆ ಹೋಗಬಾರದೆಂದು ಶ್ರಾವಣದಲ್ಲಿ ಲಿಖಿತ ಆಜ್ಞೆ ಬಂತು. ನಿಯಮವಾಗಿ ಅದು ತಪ್ಪಲ್ಲ, ಒಪ್ಪುತ್ತೇನೆ. ಡಿಸ್ಕನ್ನು ರಸೀದಿ ಪಡೆದು ಒಪ್ಪಿಸಿದೆ. ಹದಿನೈದು ದಿನಗಳ ನಂತರ ಅದರಲ್ಲಿದ್ದುದನ್ನೆಲ್ಲ ಅಳಿಸಿ, ಆಸ್ಪತ್ರೆಯ ವಾರ್ಷಿಕೋತ್ಸವದ ಸನ್ಮಾನ ಸಮಾರಂಭದ ವಿಡಿಯೊ ತುಂಬಿದರು.

ಉಳಿದಿದ್ದು ಹಳೆಯ ಸರ್ವರ್ ಒಂದೇ. ಅದನ್ನು ಗುಜರಿಗೆ ಕೊಡಲು ನನ್ನ ಸಹಿ ಬೇಕಿತ್ತು; ನಾನು ಹಾಕಲಿಲ್ಲ. ಮುರಿದ ಮಂಚಗಳ ಜೊತೆ ಅದು ಉಗ್ರಾಣದಲ್ಲಿ ಬಿದ್ದಿತ್ತು. ಅದರಲ್ಲಿ ಸಂಕ್ರಾಂತಿಯವರೆಗಿನ ದಾಖಲೆಗಳಿದ್ದವು.

ಖಂಡೇನವಮಿ ಬಂತು. ಆಸ್ಪತ್ರೆಯ ಎಲೆಕ್ಟ್ರಿಷಿಯನ್ ಈರಣ್ಣನವರಿಗೆ ಅದು ವರ್ಷದ ದೊಡ್ಡ ದಿನ. ಮೂವತ್ತು ವರ್ಷಗಳ ಸೇವೆ ಅವರದು. ಜನರೇಟರ್, ನೀರಿನ ಮೋಟರ್, ಬಟ್ಟೆ ತೊಳೆಯುವ ಯಂತ್ರ ಎಲ್ಲವನ್ನೂ ನಿಲ್ಲಿಸಿ, ಒರೆಸಿ, ವಿಭೂತಿ ಕುಂಕುಮ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕಿದ ಮೇಲೆಯೇ ಅವರು ನೀರು ಕುಡಿಯುತ್ತಿದ್ದರು. ಶಸ್ತ್ರಚಿಕಿತ್ಸೆಯ ಕೋಣೆಯನ್ನೂ ತೀವ್ರ ನಿಗಾ ಘಟಕವನ್ನೂ ಮಾತ್ರ ಮುಟ್ಟುತ್ತಿರಲಿಲ್ಲ. ಆ ಸಲ ಸರ್ವರ್ ಕೋಣೆಗೂ ಪೂಜೆಯಾಗಬೇಕೆಂದು ಗುರುಪಾದಪ್ಪನವರು ಸೂಚಿಸಿದ್ದರು. ನಡೆಯುತ್ತಿರುವಾಗಲೇ ಹೂವು ಹಾಕಿರೆಂದು ಹಿಂದಿನ ದಿನ ನಾನು ಈರಣ್ಣನವರಿಗೆ ಹೇಳಿ ನೋಡಿದೆ.

“ಛೇ ಛೇ, ಅದ್ಹೆಂಗ ಆಕೈತ್ರಿ ಅಕ್ಕಾರ? ನೊಗ ಇಳಸಲಾರದ ಎತ್ತಿಗಿ ಯಾರರ ಪೂಜಾ ಮಾಡತಾರೇನ್ರಿ? ವರ್ಷಾನಗಟ್ಲೆ ದುಡದೈತಿ ಪಾಪ, ಒಂದ ತಾಸ ಕುಂಡ್ರಲಿ ಬಿಡ್ರಿ.”

ಈ ಮಾತಿನಲ್ಲಿದ್ದ ಮಮತೆ ಆಡಳಿತ ಕಚೇರಿಯಲ್ಲಿ ಯಾರಿಗೂ ಇರಲಿಲ್ಲ. ನಾನು ಒಪ್ಪಿದೆ. “ಹನ್ನೊಂದೂವರಿಗೆ ನಾನ ಬಂದು ಡೇಟಾಬೇಸ್ ನಿಂದರಸ್ತೀನಿ. ನಾ ಹೇಳಿದ ಮ್ಯಾಲ ನೀವು ಸ್ವಿಚ್ ತಗೀರಿ” ಎಂದೆ. ಕ್ರಮವಾಗಿ ನಿಲ್ಲಿಸಿದರೆ ಕ್ಯಾಶಿನಲ್ಲಿ ಇದ್ದದ್ದೆಲ್ಲ ಡಿಸ್ಕಿಗೆ ಇಳಿಯುತ್ತದೆ, ಭಯವಿಲ್ಲ. ಈರಣ್ಣನವರು ಹೂಂ ಎಂದರು. ಜೀವಮಾನವೆಲ್ಲ ಕಾಗದದ ಮೇಲೆ ಬರೆದುಕೊಟ್ಟವಳು ಈ ಒಂದು ಮಾತನ್ನು ಬಾಯಿಂದಲೇ ಹೇಳಿ ಬಂದೆ.

ಹಬ್ಬದ ದಿನ ಹತ್ತೂವರೆಯ ಸುಮಾರಿಗೆ ರಕ್ತನಿಧಿಯ ಮುಖ್ಯಸ್ಥೆ ಡಾಕ್ಟರ್ ಶೈಲಜಾ ನನ್ನನ್ನು ಕರೆಸಿದರು. ಅವರು ಸೇರಿ ಎಂಟು ತಿಂಗಳಾಗಿದ್ದವು. ಹೆರಿಗೆ ವಿಭಾಗದಲ್ಲಿ ಹೊನವಾಡದ ಸುನಂದಾ ಎಂಬ ಇಪ್ಪತ್ತಾರರ ಹೆಣ್ಣುಮಗಳಿಗೆ ಬೆಳಗ್ಗೆ ಹೆರಿಗೆಯಾಗಿತ್ತು. ಕೂಸು ಚೆನ್ನಾಗಿತ್ತು. ತಾಯಿಗೆ ರಕ್ತಸ್ರಾವ ನಿಲ್ಲುತ್ತಿರಲಿಲ್ಲ. ರಕ್ತದ ಚೀಲಗಳನ್ನು ತಾಳೆ ನೋಡಿಯಾಗಿತ್ತು, ಹೊಂದಿದ್ದವು. ಒಯ್ಯಲು ಬಂದ ಅತ್ತೆ ಬೌರವ್ವ ಕಿಟಕಿಯ ಹತ್ತಿರ ನಿಂತು ಸಹಜವಾಗಿ ಒಂದು ಮಾತು ಆಡಿದ್ದಳು. ಡಾಕ್ಟರು ಅದನ್ನು ನನ್ನ ಎದುರಿಗೆ ಮತ್ತೊಮ್ಮೆ ಹೇಳಿಸಿದರು.

“ಎರಡ ವರ್ಷದ ಹಿಂದ ಮೊದಲನೇ ಹಡಿಗಿ ಇಲ್ಲೇ ಆಗಿತ್ತಲ್ಲ ಬೇ, ಆವಾಗೂ ರಕ್ತಾ ಹಾಕಿದ್ರಿ. ವಾರದಾಗ ಕಣ್ಣು ಅರಿಷಿಣ ಬಳದಂಗ ಆಗಿದ್ವು. ಉಚ್ಚಿ ಕೆಂಪಗ. ಸಾಯಲಾಕ ಬಂದಿದ್ಲು. ಈ ಸಲನರ ಚೊಲೋ ರಕ್ತಾ ಕೊಡ್ರಿ ಯವ್ವಾ.”

“ಆವಾಗ ಏನರ ಚೀಟಿ ಕೊಟ್ಟಿದ್ರೇನು?” ಎಂದು ಡಾಕ್ಟರು ಕೇಳಿದರು.

“ಕೊಟ್ಟಿದ್ರ. ಹೊನವಾಡದಾಗ ಟ್ರಂಕಿನ್ಯಾಗ ಐತಿ, ಸೀರಿ ಬುಡಕ.”

ಮನೆಗೆ ಕೀಲಿ ಹಾಕಿ ಎಲ್ಲರೂ ಇಲ್ಲಿಗೇ ಬಂದಿದ್ದರು; ಬಸ್ಸಿನಲ್ಲಿ ಹೋಗಿಬರಲು ಮೂರು ತಾಸು ಬೇಕು. ಡಾಕ್ಟರು ನನ್ನ ಕಡೆ ತಿರುಗಿದರು. “ಆಕಿ ಹಳೇ ದಾಖಲಾತಿ ತಗೀರಿ ಮೇಡಂ. ಯಾವ ಪ್ರತಿಕಾಯ ಅಂತ ಗೊತ್ತಾದ್ರ ಆ ಅಂಶ ಇರಲಾರದ ಚೀಲ ಹುಡಕತೀನಿ. ಗೊತ್ತಾಗಲಿಲ್ಲಂದ್ರ ಯಾವ ಚೀಲ ಕೊಟ್ಟರೂ ಕಣ್ಣ ಮುಚ್ಚಿ ಕೊಟ್ಟಂಗ.”

ನಾನು ಕುಳಿತು ಹೆಸರು ಒತ್ತಿದೆ, ಊರು ಒತ್ತಿದೆ. ಹುಡುಕುತ್ತಿದೆ ಎಂಬ ಗುರುತು ತಿರುಗುತ್ತಿತ್ತು. ಓಣಿಯ ಕೊನೆಯಿಂದ ಲೋಬಾನದ ಹೊಗೆ ಬಂತು, ಆಮೇಲೆ ಗಂಟೆಯ ಸದ್ದು. ಪರದೆಯ ಮೇಲೆ ‘ಸರ್ವರ್ ಸಂಪರ್ಕ ಕಡಿದಿದೆ’ ಎಂದು ಬಂದಾಗ ಗೋಡೆಯ ಗಡಿಯಾರದಲ್ಲಿ ಹತ್ತು ಗಂಟೆ ಐವತ್ತೆರಡು ನಿಮಿಷ.

ಸರ್ವರ್ ಕೋಣೆಯಲ್ಲಿ ಯಾವಾಗಲೂ ಪಂಖಗಳ ಮೊರೆತ ಇರುತ್ತದೆ. ಹತ್ತಿರ ನಿಂತವರ ಮಾತೂ ಕೇಳಿಸುವುದಿಲ್ಲ. ಆ ಬೆಳಗ್ಗೆ ಅಲ್ಲಿ ಕಾಯಿ ಒಡೆದ ನೀರು ಹನಿಯುವುದೂ ಕೇಳುತ್ತಿತ್ತು. ಸರ್ವರಿನ ಮುಖಕ್ಕೆ ಮೂರು ಬೆರಳಿನ ವಿಭೂತಿ ಬಳಿದಿತ್ತು, ಕೊರಳಿಗೆ ಚೆಂಡು ಹೂವು ಬಿದ್ದಿತ್ತು. ಎಂಟು ಡಿಸ್ಕುಗಳ ಹಸಿರು ದೀಪಗಳಲ್ಲಿ ಒಂದೂ ಉರಿಯುತ್ತಿರಲಿಲ್ಲ. ಗುರುಪಾದಪ್ಪನವರು ಆರತಿ ಹಿಡಿದಿದ್ದರು. ಬಬಲೇಶ್ವರದಲ್ಲಿ ಬೀಗರ ಎಣ್ಣೆ ಗಿರಣಿಯ ಪೂಜೆಗೆ ಹೋಗಬೇಕಾಗಿದ್ದರಿಂದ ಅವರು ಮುಹೂರ್ತವನ್ನು ಮುಂಚೆ ಮಾಡಿದ್ದರು. ಅಕ್ಕಾರು ಇನ್ನೂ ಬಂದಿಲ್ಲವೆಂದು ಈರಣ್ಣನವರು ಹೇಳಿದಾಗ, “ಅಕ್ಕಾರಿಗಿ ಕಾಯ್ಕೋತ ಕುಂತರ ಮುಹೂರ್ತ ಕಾಯತೈತೇನಲೇ?” ಎಂದಿದ್ದರಂತೆ. ಈರಣ್ಣನವರು ಯುಪಿಎಸ್‌ನಿಂದ ಸರ್ವರಿಗೆ ಹೋಗುವ ಸ್ವಿಚ್ಚನ್ನೇ ಕೆಳಗೆ ಎಳೆದಿದ್ದರು.

ಸ್ವಿಚ್ ಮೇಲೆತ್ತಿಸಿದೆ. ಯಂತ್ರ ಎದ್ದಿತು. ಕಪ್ಪು ಪರದೆಯ ಮೇಲೆ ಕಂಟ್ರೋಲರಿನ ಸಂದೇಶ ಬಂತು: ಕ್ಯಾಶಿನಲ್ಲಿದ್ದ ಮಾಹಿತಿ ನಷ್ಟವಾಗಿದೆ; ಮುಂದುವರಿಯಲು ಯಾವುದಾದರೂ ಕೀ ಒತ್ತಿ.

“ಒತ್ರಿ ಮತ್ತ. ಯಾಕ ನೋಡ್ಕೋತ ನಿಂತೀರಿ?” ಎಂದರು ಗುರುಪಾದಪ್ಪನವರು.

ಒತ್ತಿದೆ. ಡೇಟಾಬೇಸ್ ತೆರೆಯಲಿಲ್ಲ. ಕಳೆದುಹೋದದ್ದು ಕೆಲವೇ ಕ್ಷಣಗಳ ಬರಹ. ಆದರೆ ಯಾವ ಕಡತದ ಯಾವ ತುಂಡು ಡಿಸ್ಕಿನಲ್ಲಿ ಎಲ್ಲಿದೆ ಎಂಬ ಪಟ್ಟಿಯ ಪುಟಗಳೂ ಆ ಕ್ಷಣಗಳಲ್ಲಿ ಇದ್ದವು. ಅರ್ಧ ಬರೆದ ಪುಟಗಳನ್ನು ಲಾಗ್ ನೋಡಿ ಸರಿಪಡಿಸೋಣವೆಂದರೆ ಲಾಗಿನ ತುದಿಯೂ ಅದೇ ಕ್ಯಾಶಿನಲ್ಲಿ ಅಳಿದಿತ್ತು. ನಿನ್ನೆಯ ಬ್ಯಾಕಪ್ ಇದ್ದ ಫೋಲ್ಡರ್ ಖಾಲಿ ಕಾಣುತ್ತಿತ್ತು.

“ಇದನ್ನ ಯಾರೂ ಮುಟ್ಟಬ್ಯಾಡ್ರಿ” ಎಂದು ಗಟ್ಟಿಯಾಗಿ ಹೇಳಿ ರಕ್ತನಿಧಿಗೆ ಓಡಿದೆ. ಡಾಕ್ಟರ್ ಶೈಲಜಾ ಹೆರಿಗೆ ವಿಭಾಗದಿಂದ ಆಗಷ್ಟೇ ಬಂದಿದ್ದರು.

“ಒಂದ ತಾಸ ಸಲೈನ್ ಮ್ಯಾಲ ಹಿಡದ ನಿಂದರಸ್ತಾರ. ಅದಕ್ಕಿಂತ ಹೆಚ್ಚಿಗಿ ಆಗಂಗಿಲ್ಲ. ಆಮ್ಯಾಲ ಇದ್ದ ಚೀಲಾನ ಏರಸೂದು, ದೇವರ ಇಟ್ಟಂಗ.”

ಆಗ ಹನ್ನೊಂದು ಗಂಟೆ ಎಂಟು ನಿಮಿಷ.

ಉಗ್ರಾಣದ ಕೀಲಿ ಈರಣ್ಣನವರ ಬಳಿ ಇತ್ತು. ಮಂಚಗಳನ್ನು ಸರಿಸಿ ಹಳೆಯ ಸರ್ವರನ್ನು ಇಬ್ಬರೂ ಎಳೆದೆವು. ಅವರ ಮಡಿ ಧೋತರಕ್ಕೆಲ್ಲ ಜೇಡರ ಬಲೆ ಹತ್ತಿತ್ತು. “ನನ್ನ ಕೈಯಾರೆ ತಗದೇನ್ರಿ ಅಕ್ಕಾರ. ಆ ಹೆಣ್ಣಮಗಳಿಗಿ ಏನರ ಆದ್ರ ಈ ಕೈ ಇಟಕೊಂಡ ಏನ ಮಾಡಲಿ?” ಎನ್ನುತ್ತಲೇ ವಯರ್ ಜೋಡಿಸಿದರು. ನಾನು ಪರದೆಯನ್ನೂ ಕೀಲಿಮಣೆಯನ್ನೂ ಸಿಕ್ಕಿಸಿದೆ.

ಅದರಲ್ಲಿ ನಾಲ್ಕು ಡಿಸ್ಕುಗಳಿದ್ದವು, ಹಿಂದೆ ನಾನೇ ಜೋಡಿಸಿದ್ದವು: ಕಾರ್ಯವ್ಯವಸ್ಥೆ ಮತ್ತು ಲಾಗಿಗೆ ಒಂದು ಜೋಡಿ, ಮುಖ್ಯ ಕಡತಗಳಿಗೆ ಒಂದು ಜೋಡಿ. ಬಹಳ ಕಾಲ ತಿರುಗಿ, ಆಮೇಲೆ ತಿಂಗಳುಗಟ್ಟಲೆ ನಿಂತ ಡಿಸ್ಕು ಮತ್ತೆ ಎದ್ದೇಳುತ್ತದೆಂದು ಯಾರೂ ಭರವಸೆ ಕೊಡಲಾರರು. ಗುಂಡಿ ಒತ್ತಿದೆ. ಪಂಖಗಳು ದೂಳು ಉಗುಳಿದವು. ಎರಡು ಡಿಸ್ಕುಗಳು ಸದ್ದು ಮಾಡುತ್ತ ಎದ್ದವು. ಮೂರನೆಯದು ಟಕ್ ಎಂದಿತು. ಮತ್ತೆ ಟಕ್. ಉಗುರಿನಿಂದ ಬಾಗಿಲು ಬಡಿದ ಹಾಗೆ ಅದೊಂದೇ ಸದ್ದು. ಮುಖ್ಯ ಕಡತಗಳ ಜೋಡಿಯಲ್ಲಿ ಅದು ಮೊದಲನೆಯದು. ಅದು ಏಳಲೇ ಇಲ್ಲ. ನಾಲ್ಕನೆಯದು, ಅದರ ಜೋಡಿ, ತಡವಾಗಿ ತಿರುಗತೊಡಗಿತು. ಪರದೆಯ ಮೇಲೆ ವರ್ಷ 2009 ಎಂದು ತಪ್ಪಾಗಿ ತೋರಿಸಿತು. ಒಂದು ಡಿಸ್ಕು ಸತ್ತಿದೆ, ಮುಂದುವರಿಯುತ್ತೇನೆ ಎಂದಿತು. ಮುಂದುವರಿಯಿತು.

ಡೇಟಾಬೇಸ್ ತೆರೆದಾಗ ಹನ್ನೊಂದು ನಲವತ್ತೊಂದು. ಸುನಂದಾ, ಹೊನವಾಡ, 2016. ವಿಶೇಷ ಸೂಚನೆಯ ಅಂಕಣದಲ್ಲಿ ಒಂದೇ ಸಾಲು: ಕಿಡ್ ಎ ಪ್ರತಿಕಾಯ, ಈ ಅಂಶವಿಲ್ಲದ ರಕ್ತ ಮಾತ್ರ. ಈರಣ್ಣನವರ ಕಿಸೆಯಲ್ಲಿದ್ದ ಪೂಜಾ ಸಾಮಾನಿನ ಚೀಟಿಯ ಹಿಂದೆ ಬರೆದುಕೊಂಡು, ಎರಡು ಸಲ ತಾಳೆ ನೋಡಿ, ಓಡಿದೆ.

ಆ ಅಂಶವನ್ನು ಪತ್ತೆಹಚ್ಚುವ ಸೀರಮ್ಮಿನ ಒಂದು ಶೀಶೆ ಫ್ರಿಜ್ಜಿನಲ್ಲಿತ್ತು. ಹನ್ನೊಂದು ಚೀಲಗಳನ್ನು ಪರೀಕ್ಷಿಸಿದಾಗ ಎರಡು ಸಿಕ್ಕವು. ಮೊದಲು ಹೊಂದುತ್ತವೆ ಎಂದು ಕಳಿಸಲು ಸಿದ್ಧವಾಗಿದ್ದ ಎರಡೂ ಚೀಲಗಳಲ್ಲಿ ಆ ಅಂಶವಿತ್ತು. ಡಾಕ್ಟರ್ ಶೈಲಜಾ ಆ ಎರಡನ್ನೂ ಬೇರೆ ಅರೆಗೆ ಸರಿಸಿದರು.

ಸುನಂದಾ ಉಳಿದಳು. ಸಂಜೆ ವಾರ್ಡಿನ ಬಾಗಿಲಲ್ಲಿ ಬೌರವ್ವ ನನ್ನ ಕೈ ಹಿಡಿದು, “ಹಳೇ ಡಬ್ಬಿ ಉಳಸಿತಂತಲ್ಲ ಬೇ ನಮ್ಮ ಸೊಸೀನ. ಅದಕ್ಕೊಂದ ಹೂವರ ಹಾಕಿದ್ರೋ ಇಲ್ಲೋ? ಹೊಸಾದಕ್ಕಷ್ಟ ಹಾಕೂದೇನು?” ಎಂದು ಗದರಿದಳು. ಆ ದಿನ ನಾನು ನಕ್ಕಿದ್ದು ಅದೊಂದೇ ಸಲ. ಅದೂ ಬಹಳ ಹೊತ್ತು ಉಳಿಯಲಿಲ್ಲ.

ನಾನು ಉಗ್ರಾಣದಲ್ಲಿದ್ದಾಗ, ಮುಟ್ಟಬೇಡಿರೆಂದು ಹೇಳಿಬಂದ ಸರ್ವರನ್ನು ಮುಟ್ಟಿದ್ದರು. ಗುರುಪಾದಪ್ಪನವರು ಇಂಜಿನಿಯರಿಗೆ ಫೋನ್ ಮಾಡಿ, ಅವರು ಹೇಳಿದಂತೆ ಗುಮಾಸ್ತರ ಕೈಯಿಂದ ಡಿಸ್ಕ್ ದುರಸ್ತಿಯ ಪ್ರೋಗ್ರಾಮ್ ಓಡಿಸಿದ್ದರು. ಪಟ್ಟಿ ಹರಿದ ಪುಸ್ತಕವನ್ನು ನಿಧಾನವಾಗಿ ಜೋಡಿಸಬಹುದು. ಆ ಪ್ರೋಗ್ರಾಮ್ ಪಟ್ಟಿಯಲ್ಲಿ ಕಾಣದ ಹಾಳೆಗಳನ್ನೆಲ್ಲ ಖಾಲಿ ಜಾಗವೆಂದು ಗುರುತಿಸಿತು. ಕ್ಯಾಮೆರಾಗಳು ಕೂಡಲೇ ಆ ಜಾಗದ ಮೇಲೆ ಬರೆಯತೊಡಗಿದವು. ಬ್ಯಾಕಪ್ ಇದ್ದ ಜಾಗದಲ್ಲಿ ವಾಹನ ನಿಲ್ದಾಣದ ದೃಶ್ಯ ತುಂಬಿತು. ಸಂಕ್ರಾಂತಿಯಿಂದ ಖಂಡೇನವಮಿಯವರೆಗಿನ ಒಂಬತ್ತು ತಿಂಗಳ ದಾಖಲೆಗಳು ಹೋದವು. ಪರಿಣತರು ಬಂದು ಹದಿನೆಂಟು ದಿನ ಪ್ರಯತ್ನಿಸಿ ಕೈಚೆಲ್ಲಿದರು.

ವಿಚಾರಣೆಯ ವರದಿಯಲ್ಲಿ ‘ಸಿಸ್ಟಮ್ ವಿಭಾಗದ ಸಮನ್ವಯದ ಕೊರತೆ’ ಎಂದು ಬರೆದರು. ಈರಣ್ಣನವರಿಗೆ ನೋಟಿಸು ಕೊಟ್ಟರು. ಅವರ ತಪ್ಪಲ್ಲವೆಂದು ನಾನು ಲಿಖಿತ ಹೇಳಿಕೆ ಕೊಟ್ಟ ಮೇಲೆ ಹಿಂತೆಗೆದುಕೊಂಡರು. ಗುರುಪಾದಪ್ಪನವರು ಮರುವರ್ಷ ಶಾಲು ಹೊದಿಸಿಕೊಂಡು ನಿವೃತ್ತರಾದರು. ಡಿಸ್ಕುಗಳನ್ನು ಕೊನೆಗೂ ನನ್ನ ಟಿಪ್ಪಣಿಯಂತೆ ಜೋಡಿಗಳಾಗಿ ಮಾಡಿದೆವು. ಬ್ಯಾಟರಿ ಬದಲಾಯಿತು. ಕ್ಯಾಮೆರಾಗಳು ಬೇರೆ ಯಂತ್ರಕ್ಕೆ ಹೋದವು, ಬ್ಯಾಕಪ್ ಬೇರೆ ಕಟ್ಟಡಕ್ಕೆ ಹೋಯಿತು. ಕಾಯುವ ಸಮಯ ಎರಡು ಮಿಲಿಸೆಕೆಂಡಿಗೆ ಬಂತು, ಯಾರೂ ಸುಳ್ಳು ಹೇಳದೆ.

ಡಾಕ್ಟರ್ ಶೈಲಜಾ ಒಂದು ದಿನ ರಕ್ತನಿಧಿಯ ಮಾಸಿಕ ವರದಿಗಳ ಮುದ್ರಿತ ಪ್ರತಿಗಳನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಆ ಒಂಬತ್ತು ತಿಂಗಳಲ್ಲಿ ಪ್ರತಿಕಾಯ ಪತ್ತೆಯಾದ ರೋಗಿಗಳು ಐವರು. ಸಂಖ್ಯೆ ಮಾತ್ರ ಇತ್ತು, ಹೆಸರುಗಳಿರಲಿಲ್ಲ. ಕಾಗದರಹಿತ ವ್ಯವಸ್ಥೆ ಬಂದ ಮೇಲೆ ರೋಗಿಗಳ ಕೈಗೆ ಚೀಟಿ ಕೊಡುವ ಪದ್ಧತಿಯನ್ನೂ ನಿಲ್ಲಿಸಿದ್ದರು. ಬೌರವ್ವನ ಟ್ರಂಕಿನಲ್ಲಿ ಇದ್ದಂಥದ್ದು ಈ ಐವರ ಮನೆಗಳಲ್ಲಿ ಇಲ್ಲ.

“ಇಬ್ಬರ ಹೆಸರ ನನಗ ನೆನಪೈತಿ. ಉಳದ ಮೂವರದು ನಿಮಗ ನೆನಪೈತೇನ್ರಿ ಮೇಡಂ?” ಎಂದು ಕೇಳಿದರು.

ಇರಲಿಲ್ಲ. ಆ ವರ್ಷ ಡಿಸ್ಕುಗಳ ಕುರಿತು ನಾನು ಬರೆದ ಪತ್ರಗಳು ಹದಿನಾಲ್ಕು. ಹದಿನಾಲ್ಕರ ಪ್ರತಿಗಳೂ, ಆವಕ ಸಂಖ್ಯೆಗಳ ಸಹಿತ, ನನ್ನ ಬಳಿ ಇಂದಿಗೂ ಇವೆ. ಅಪಾಯವಿದೆಯೆಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ನಾನು. ಡಿಸ್ಕುಗಳು ಹೋದರೆ ಮರಳಿ ಪಡೆಯಲಾಗದ್ದು ‘ವಿಶೇಷ ಸೂಚನೆ’ಯ ಆ ಕೆಲವೇ ಸಾಲುಗಳೆಂದೂ ಬಲ್ಲೆ. ತಿಂಗಳಿಗೊಮ್ಮೆ ಅವುಗಳನ್ನು ಕಾಗದದ ಮೇಲೆ ಇಳಿಸಿ ರಕ್ತನಿಧಿಯ ಗೋಡೆಗೆ ಹಚ್ಚಲು ಯಾರ ಮಂಜೂರಾತಿಯೂ ಬೇಕಿರಲಿಲ್ಲ; ಅರ್ಧ ಪುಟ ಸಾಕಿತ್ತು. ನನ್ನ ಮಾತು ಸರಿಯೆಂದು ಸಿದ್ಧವಾಗುವ ದಿನಕ್ಕಾಗಿ ಪುರಾವೆ ಕೂಡಿಡುವುದರಲ್ಲಿ ನಾನು ತೊಡಗಿದ್ದೆ. ಆ ದಿನ ಬಂತು. ಪುರಾವೆ ಪೂರ್ಣವಾಗಿತ್ತು, ಹೆಸರುಗಳಿರಲಿಲ್ಲ. ಗುರುಪಾದಪ್ಪನವರನ್ನು ನಾನು ಕ್ಷಮಿಸಿಲ್ಲ. ಈ ವಿಷಯದಲ್ಲಿ ನನ್ನನ್ನೂ ಕ್ಷಮಿಸಿಲ್ಲ.

ಡಿಸ್ಕುಗಳ ಜೋಡಣೆ ಕಲಿಯಲು ಬರುವವರು ನನ್ನನ್ನು ಎಷ್ಟು ಜಾಗ, ಎಷ್ಟು ವೇಗ ಎಂದು ಕೇಳುತ್ತಾರೆ. ಮೊದಲು ಕೇಳಬೇಕಾದ್ದು ಬೇರೆ ಎಂಬುದು ವೃತ್ತಿ ನನಗೆ ಕಲಿಸಿದ ಪಾಠ. ಯಂತ್ರ ‘ಬರೆದೆ’ ಎಂದ ಆ ಕ್ಷಣದಲ್ಲಿ ಬರಹ ಎಲ್ಲಿದೆ? ಈಗಲೇ ಸ್ವಿಚ್ ಎಳೆದರೆ ಯಾರ ಹೆಸರು ಅಳಿಯುತ್ತದೆ? ಆ ಹೆಸರು ಇನ್ನೆಲ್ಲಿಯಾದರೂ ಇದೆಯೆ?

ನಿವೃತ್ತಳಾದ ಮೇಲೂ ಟಿಕೋಟಾ, ಬಬಲೇಶ್ವರ, ಹೊನವಾಡದ ಕಡೆ ಆರೋಗ್ಯ ಶಿಬಿರಗಳಾದಾಗ ಬಸ್ಸು ಹತ್ತಿ ಹೋಗುತ್ತೇನೆ. ಬಂದವರನ್ನೆಲ್ಲ ಒಂದೇ ಪ್ರಶ್ನೆ ಕೇಳುತ್ತೇನೆ: ಆ ವರ್ಷ ನಮ್ಮ ಆಸ್ಪತ್ರೆಯಲ್ಲಿ ನಿಮಗಾಗಲಿ ನಿಮ್ಮ ಮನೆಯವರಿಗಾಗಲಿ ರಕ್ತ ಏರಿಸಿದ್ದರೇನು? ಹೋದ ವರ್ಷ ಬಬಲೇಶ್ವರದಲ್ಲಿ ಒಬ್ಬ ಅಜ್ಜ ಹೌದೆಂದರು. ಆಗ ಅವರನ್ನು ಬೇರೆ ಊರಿನ ಆಸ್ಪತ್ರೆಗೆ ಕಳಿಸುವಾಗ ನಮ್ಮ ವೈದ್ಯರು ಬರೆದುಕೊಟ್ಟ ಪತ್ರ ಅವರ ಕಾಗದಗಳಲ್ಲಿತ್ತು, ಅದರಲ್ಲಿ ಪ್ರತಿಕಾಯದ ಹೆಸರಿತ್ತು; ಐವರಲ್ಲಿ ಮೂರನೆಯವರು ಅವರೇ ಎಂದು ಖಚಿತವಾಯಿತು. ಇನ್ನಿಬ್ಬರು ಸಿಕ್ಕಿಲ್ಲ. ತಮ್ಮೊಳಗೆ ಏನಿದೆಯೆಂಬುದು ಅವರಿಗೆ ಗೊತ್ತಿಲ್ಲ. ಇಷ್ಟು ವರ್ಷಗಳ ನಂತರ ಯಾವ ಪರೀಕ್ಷೆಗೂ ಅದು ಗೊತ್ತಾಗುವುದಿಲ್ಲ.